ಆನ್‌ಲೈನ್‌ನಲ್ಲಿ ಕನ್ನಡ ಬರೆಯುವವರ ಯಾವ ತಪ್ಪು, ಯಾವ ಚಾಳಿ ನಿಮಗೆ ಜಾಸ್ತಿ ಕಿರಿಕಿರಿ ಮಾಡುತ್ತದೆ?

ನಿಮ್ಮ ಪ್ರಶ್ನೆ ನೋಡಿದ ಮೇಲೆ ಸುಮ್ನೆ ಮುಂದೆ ಹೋಗೋಕೆ ಮನಸ್ಸಾಗಲಿಲ್ಲ. ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್, ಕರಪತ್ರ, ತಿಥಿ ಕಾರ್ಡು, ಬಿಲ್ ಪುಸ್ತಕ, ಎಲ್ಲ ಮಾಡುತ್ತೇನೆ. 19 ವರ್ಷದಿಂದ ಇದೇ ಕೆಲಸ. ಮೊದಲು ಜನ ಚೀಟಿಯಲ್ಲಿ ಬರೆದು ತರುತ್ತಿದ್ದರು. ಈಗ ಎಲ್ಲ ವಾಟ್ಸಾಪ್‌ನಲ್ಲೇ ಬರುತ್ತದೆ. ಬೆಳಗ್ಗೆಯಿಂದ ರಾತ್ರಿವರೆಗೆ ಬೇರೆಯವರು ಬರೆದ ಕನ್ನಡ ಓದುವುದೇ ನನ್ನ ಕಸುಬು.

ಮೊದಲೇ ಹೇಳಿಬಿಡುತ್ತೇನೆ, ಕಾಗುಣಿತ ತಪ್ಪಿದರೆ ನನಗೆ ಸಿಟ್ಟು ಬರುವುದಿಲ್ಲ. ತಪ್ಪು ಎಲ್ಲಿಂದ ಬಂತು ಅಂತ ಗೊತ್ತಾದರೆ ಸಿಟ್ಟು ತಾನಾಗಿಯೇ ಇಳಿದುಹೋಗುತ್ತದೆ. ಕೆಲವು ನಾಲಿಗೆಯಿಂದ ಬರುತ್ತವೆ, ಕೆಲವು ಕೀಬೋರ್ಡಿನಿಂದ.

ನಾಲಿಗೆಯದ್ದು ಮೊದಲು. ನಮ್ಮ ಕಡೆ ಎಷ್ಟೋ ಜನ ‘ಆಸ್ನಕ್ಕೆ ಓಗ್‌ಬಂದೆ’ ಅಂತಲೇ ಹೇಳುತ್ತಾರೆ. ಅವರ ಮಾತಿನಲ್ಲಿ ಹಕಾರ ಇಲ್ಲ. ಅದು ಸೋಮಾರಿತನ ಅಲ್ಲ. ಹಳಗನ್ನಡದಲ್ಲಿ ಪಾಲ್, ಪುಲಿ, ಪೂ, ಪಳ್ಳಿ ಅಂತಿದ್ದವು. ಆ ಪಕಾರ ಹಕಾರವಾಗಿ ಹಾಲು, ಹುಲಿ, ಹೂ, ಹಳ್ಳಿ ಆದವು. ನಮ್ಮ ಹಳ್ಳಿಗಳ ಮಾತಿನಲ್ಲಿ ಅದು ಇನ್ನೊಂದು ಹೆಜ್ಜೆ ಹೋಗಿ ಆಲು, ಉಲಿ, ಊವು ಆಗಿದೆ. ಹಾಗಾಗಿ ‘ಅಬ್ಬದ ಶುಭಾಶಯ’ ಅಂತ ಬರೆದು ಕಳಿಸಿದವರು ತಾವು ಆಡುವ ಹಾಗೆ ಬರೆದಿದ್ದಾರೆ, ಅಷ್ಟೇ. ನಾನು ಒಂದು ಹಕಾರ ಸೇರಿಸಿ ಮುಂದೆ ಹೋಗುತ್ತೇನೆ.

ನಿಜವಾದ ತೊಂದರೆ ಇದರ ಉಲ್ಟಾ ಆದಾಗ ಬರುತ್ತದೆ. ತಮ್ಮ ಬಾಯಲ್ಲಿ ಹಕಾರ ಬಿಟ್ಟುಹೋಗುತ್ತದೆ ಅಂತ ಗೊತ್ತಿರುವವರು ಹೆದರಿಕೊಂಡು ಬೇಡದ ಕಡೆಯೂ ಅದನ್ನು ಹಾಕುತ್ತಾರೆ. ಒಂದು ಮದುವೆಯ ಫ್ಲೆಕ್ಸ್‌ಗೆ ‘ಎಲ್ಲರಿಗೂ ಹಾದರದ ಸ್ವಾಗತ’ ಅಂತ ಬರೆದು ಕಳಿಸಿದ್ದರು. ಆದರ ಅಂದರೆ ಮರ್ಯಾದೆ. ಹಾದರ ಅಂದರೆ ಏನು ಅಂತ ನಿಮಗೇ ಗೊತ್ತು. ಮಂಟಪದ ಬಾಗಿಲಿಗೆ ಹತ್ತಡಿ ಅಗಲದಲ್ಲಿ ಅದು ಬಿದ್ದಿದ್ದರೆ ಆ ಮನೆಯವರ ಗತಿ ಏನು? ಅವತ್ತು ಮಷಿನ್‌ಗೆ ಕೊಡುವ ಮೊದಲು ಇನ್ನೊಮ್ಮೆ ಕಣ್ಣಾಡಿಸಿದ್ದಕ್ಕೆ ಸಿಕ್ಕಿತು.

ಮಹಾಪ್ರಾಣದ ಕಥೆಯೂ ಹೆಚ್ಚುಕಮ್ಮಿ ಇದೇ. ಖ, ಘ, ಧ, ಭ ಇರುವ ಶಬ್ದಗಳು ಜಾಸ್ತಿ ಸಂಸ್ಕೃತದಿಂದ ಬಂದವು. ನಾವು ಮಾತಾಡುವಾಗ ಅವನ್ನು ಒತ್ತಿ ಹೇಳುವುದೇ ಇಲ್ಲ. ಕನ್ನಡಕ್ಕೆ ಮಹಾಪ್ರಾಣವೇ ಬೇಡ ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದ ಮಾಡಿದರು, ತಾವೂ ಹಾಗೇ ಬರೆದು ತೋರಿಸಿದರು. ಅವರ ಮಾತಿನಲ್ಲಿ ಸತ್ಯ ಇದೆ ಅಂತ ನನಗೂ ಅನಿಸುತ್ತದೆ. ಆದರೆ ನನ್ನ ಅಂಗಡಿಯಲ್ಲಿ ಅದನ್ನು ಪೂರ್ತಿ ಒಪ್ಪಿಕೊಳ್ಳೋಕೆ ಆಗಲ್ಲ. ಸತ್ಯನಾರಾಯಣ ಪೂಜೆಯ ಕಾರ್ಡಿನಲ್ಲಿ ‘ಮದ್ಯಾಹ್ನ 12ಕ್ಕೆ’ ಅಂತ ಬರೆದು ಕಳಿಸುತ್ತಾರೆ. ಮಧ್ಯ ಅಂದರೆ ನಡು, ಮದ್ಯ ಅಂದರೆ ಹೆಂಡ. ಪೂಜೆಯ ಕಾರ್ಡಿಗೆ ಎರಡನೆಯದು ಬೇಡ ಅಲ್ವಾ?

ಇನ್ನು ಕೀಬೋರ್ಡ್. ನಾನು ಕಂಪ್ಯೂಟರಿನಲ್ಲಿ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಬಳಸುತ್ತೇನೆ. ಅದರ ಕೀಲಿಗಳ ಜೋಡಣೆಗೆ ಮೂಲ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅದರಲ್ಲಿ ದ ಹೊಡೆಯುವ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ ಧ ಬರುತ್ತದೆ. ಯಾವ ಅಕ್ಷರ ಬೇಕು ಅಂತ ನಾವೇ ಯೋಚನೆ ಮಾಡಿ ಒತ್ತಬೇಕು. ಕೈಯೇ ಕಾಗುಣಿತ ಕಲಿಯುತ್ತದೆ. ಫೋನಿನಲ್ಲಿ ಹಾಗಲ್ಲ. ತುಂಬಾ ಜನ ಇಂಗ್ಲಿಷ್ ಅಕ್ಷರ ಒತ್ತುತ್ತಾರೆ, ಫೋನು ತನಗೆ ತೋಚಿದ ಕನ್ನಡ ಶಬ್ದ ತೋರಿಸುತ್ತದೆ, ಮೊದಲು ಕಂಡದ್ದನ್ನು ಮುಟ್ಟಿ ಮುಂದೆ ಹೋಗುತ್ತಾರೆ. ಗೃಹ ಅನ್ನುವುದು ನಮ್ಮ ಬಾಯಲ್ಲಿ ಗ್ರುಹ ಅಂತಲೇ ಕೇಳುತ್ತದೆ. ಫೋನಿನಲ್ಲಿ ಅದು ಒಮ್ಮೆ ‘ಗ್ರುಹ’, ಇನ್ನೊಮ್ಮೆ ‘ಗ್ರಹ’ ಆಗಿ ಬರುತ್ತದೆ. ನನಗೆ ಬರುವ ಕಾರ್ಡುಗಳಲ್ಲಿ ‘ಗ್ರಹಪ್ರವೇಶ’ ಇಲ್ಲದ ತಿಂಗಳೇ ಇಲ್ಲ. ಗೃಹ ಅಂದರೆ ಮನೆ. ಗ್ರಹ ಅಂದರೆ ಶನಿ, ರಾಹು, ಕೇತು. ಹೊಸ ಮನೆಯೊಳಗೆ ಶನಿಯನ್ನು ಕರೆದ ಹಾಗೆ ಆಗುತ್ತದೆ ಅಂತ ಹೇಳಿದರೆ ಜನ ತಕ್ಷಣ ನೆನಪಿಟ್ಟುಕೊಳ್ಳುತ್ತಾರೆ. ನಾನು ಹೀಗೇ ಹೇಳಿಕೊಡುವುದು.

ಫೋನು ಮಾಡುವ ಇನ್ನೊಂದು ಕೆಲಸ ಇದೆ. ಯಾರೂ ಇದನ್ನು ಗಮನಿಸುವುದಿಲ್ಲ. ಅದು ತೋರಿಸಿದ ಶಬ್ದವನ್ನು ಮುಟ್ಟಿದ ಕೂಡಲೇ ತಾನೇ ಒಂದು ಜಾಗ ಬಿಡುತ್ತದೆ. ಆಮೇಲೆ ಉಳಿದ ಪ್ರತ್ಯಯ ಒತ್ತಿದರೆ ಅದು ಬೇರೆಯಾಗಿ ನಿಲ್ಲುತ್ತದೆ. ‘ಮನೆ ಯಲ್ಲಿ’, ‘ನಿಮ್ಮ ನ್ನು’, ‘ಸುಖಾಗಮನ ಬಯಸುವ ವರು’. ಕನ್ನಡದಲ್ಲಿ ಪ್ರತ್ಯಯ ಶಬ್ದಕ್ಕೆ ಅಂಟಿಕೊಂಡೇ ಇರಬೇಕು. ಬಿಡಿಸಿದರೆ ಓದುವವರ ಕಣ್ಣು ಎಡವುತ್ತದೆ. ಒಂದು ಕಡೆ ಆದರೆ ಪರವಾಗಿಲ್ಲ. ಹತ್ತು ಸಾಲಿನಲ್ಲಿ ಇಪ್ಪತ್ತು ಕಡೆ ಹೀಗಿದ್ದರೆ ಕಲ್ಲು ತುಂಬಿದ ಅಕ್ಕಿಯ ಅನ್ನ ಉಂಡ ಹಾಗೆ ಆಗುತ್ತದೆ. ನನ್ನ ಮಟ್ಟಿಗೆ ಇವತ್ತಿನ ಕನ್ನಡ ಬರವಣಿಗೆಯಲ್ಲಿ ಅತಿ ಜಾಸ್ತಿ ಕಾಣುವ ತಪ್ಪು ಇದೇ. ಒಂದು ಸಲ ಹಿಂದಕ್ಕೆ ಹೋಗಿ ಆ ಜಾಗ ಅಳಿಸಿದರೆ ಮುಗಿಯಿತು.

ಓದಿಕೊಂಡವರ ತಪ್ಪುಗಳೂ ಇವೆ. ‘ಕೋಟ್ಯಾಂತರ’ ಅಂತ ತುಂಬಾ ಜನ ಬರೆಯುತ್ತಾರೆ. ಲಕ್ಷ ಮತ್ತು ಅಂತರ ಸೇರಿದರೆ ಲಕ್ಷಾಂತರ, ಅದು ಸರಿ. ಅದೇ ರಾಗದಲ್ಲಿ ಕೋಟಿಯನ್ನೂ ಎಳೆದುಬಿಡುತ್ತಾರೆ. ಕೋಟಿ ಮತ್ತು ಅಂತರ ಸೇರಿದರೆ ಕೋಟ್ಯಂತರ. ‘ಜಾತ್ಯಾತೀತ’ ಅಲ್ಲ, ಜಾತ್ಯತೀತ. ಹೋಟೆಲ್ ಬೋರ್ಡಿನಲ್ಲಿ ‘ಉಪಹಾರ’ ಅಂತ ಇರುತ್ತದೆ. ತಿಂಡಿಗೆ ಉಪಾಹಾರ ಅನ್ನಬೇಕು, ಉಪಹಾರ ಅಂದರೆ ಕಾಣಿಕೆ. ನವೆಂಬರ್ 1 ಬಂತೆಂದರೆ ‘ಹಾರ್ಧಿಕ ಶುಭಾಷಯಗಳು’ ಅನ್ನುವ ಆರ್ಡರ್ ಸಾಲುಗಟ್ಟುತ್ತವೆ. ಹಾರ್ದಿಕಕ್ಕೆ ಮಹಾಪ್ರಾಣ ಬೇಡ. ಶುಭ ಮತ್ತು ಆಶಯ ಸೇರಿ ಶುಭಾಶಯ, ಅದಕ್ಕೂ ಭಾಷೆಗೂ ಸಂಬಂಧ ಇಲ್ಲ. ಅನುಮಾನ ಬಂದಾಗ ನಾನು ಆನ್‌ಲೈನ್‌ನಲ್ಲಿರುವ ‘ಅಲರ್’ ನಿಘಂಟು ತೆಗೆದು ನೋಡುತ್ತೇನೆ. ವಿ. ಕೃಷ್ಣ ಅವರು ಒಬ್ಬರೇ ಕೂತು ಕಟ್ಟಿದ ನಿಘಂಟು. ಒಂದೂವರೆ ಲಕ್ಷ ಶಬ್ದ ಇವೆ, ದುಡ್ಡು ಕೊಡಬೇಕಿಲ್ಲ.

ಈಗ ಎರಡು ಮೂರು ವರ್ಷದಿಂದ ಹೊಸದೊಂದು ಶುರುವಾಗಿದೆ. ಇಂಗ್ಲಿಷಿನಲ್ಲಿ ಬರೆದು, ಯಂತ್ರದ ಕೈಲಿ ಕನ್ನಡ ಮಾಡಿಸಿ ಕಳಿಸುತ್ತಾರೆ. ಅದರಲ್ಲಿ ಕಾಗುಣಿತ ಒಂದೂ ತಪ್ಪಿರುವುದಿಲ್ಲ, ಆದರೆ ಕನ್ನಡವೂ ಇರುವುದಿಲ್ಲ. ‘ಒಳ್ಳೆಯ ದಿನವನ್ನು ಹೊಂದಿರಿ’ ಅಂತ ನಮ್ಮಲ್ಲಿ ಯಾರಾದರೂ ಯಾರಿಗಾದರೂ ಹೇಳಿದ್ದುಂಟಾ? ಹೋಗಿ ಬನ್ನಿ, ಒಳ್ಳೇದಾಗಲಿ ಅನ್ನುತ್ತೇವೆ. ಒಬ್ಬ ಹೆಣ್ಣುಮಗಳು ತಂದೆಯ ನಿವೃತ್ತಿ ಸಮಾರಂಭಕ್ಕೆ ಕಳಿಸಿದ ಬರಹದಲ್ಲಿ ‘ನನ್ನ ತಂದೆ 34 ವರ್ಷ ಸೇವೆ ಸಲ್ಲಿಸಿದನು, ಅವನು ಎಲ್ಲರಿಗೆ ಪ್ರೀತಿಪಾತ್ರನು’ ಅಂತ ಇತ್ತು. ಆಕೆ ಅಪ್ಪನನ್ನು ಯಾವತ್ತೂ ಏಕವಚನದಲ್ಲಿ ಕರೆದವಳಲ್ಲ. ಕಾಗುಣಿತದ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಇದು ಕಣ್ಣಿಗೆ ಬೀಳದೆ ಹೋಗುತ್ತದೆ. ಅದಕ್ಕೇ ನನಗೆ ಇದರ ಭಯ ಜಾಸ್ತಿ.

ಕೆಲವರು ಹಳೇ ನುಡಿ ಅಥವಾ ಶ್ರೀಲಿಪಿಯಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ವಾಟ್ಸಾಪ್‌ಗೆ ಹಾಕುತ್ತಾರೆ. ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೆರೆ ಎಳೆದ ಹಾಗೆ ಏನೇನೋ ಕಾಣುತ್ತದೆ. ಆ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು, ಅಷ್ಟೇ. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಾಯಿಸಿ ಕಳಿಸಿ, ಸಾಕು.

ಈಗ ಚಾಳಿಗಳಿಗೆ ಬರುತ್ತೇನೆ. ನನಗೆ ನಿಜವಾಗಿ ಬೇಜಾರು ಮಾಡುವ ಚಾಳಿ, ಓದದೆ ‘ಓಕೆ’ ಅನ್ನುವುದು. ನಾನು ಪ್ರತಿ ಕೆಲಸಕ್ಕೂ ಪ್ರೂಫ್ ಕಳಿಸುತ್ತೇನೆ. ಕಳಿಸಿ ಒಂದು ನಿಮಿಷ ಆಗಿರುವುದಿಲ್ಲ, ಹೆಬ್ಬೆರಳಿನ ಚಿತ್ರ ವಾಪಸ್ ಬಂದಿರುತ್ತದೆ. ಒಮ್ಮೆ ಒಬ್ಬರು ನೆಂಟರ ಹಳೇ ಲಗ್ನಪತ್ರಿಕೆ ಕೊಟ್ಟು, ಇದೇ ತರ ಮಾಡಿ, ಹೆಸರು ಮಾತ್ರ ಬದಲಾಯಿಸಿ ಅಂದರು. ಹೆಸರು ಬದಲಾಯಿಸಿದೆ. ಹುಡುಗನ ಅಜ್ಜಿಯ ಹೆಸರಿನ ಹಿಂದೆ ಹಳೇ ಕಾರ್ಡಿನ ‘ದಿ||’ ಹಾಗೇ ಉಳಿದುಬಿಟ್ಟಿತು. ತೀರಿಕೊಂಡವರ ಹೆಸರಿಗೆ ಹಾಕುವ ‘ದಿ||’ ಅದು. ತಪ್ಪು ನನ್ನದೇ. ಪ್ರೂಫ್ ನೋಡಿದ ಮನೆಯ ಮೂರು ಜನವೂ ‘ಸೂಪರ್’ ಅಂತ ಹೇಳಿದ್ದರು. 400 ಕಾರ್ಡು ಅಚ್ಚಾಯಿತು. ಆ ಅಜ್ಜಿಗೆ ಓದೋಕೆ ಬರುತ್ತಿತ್ತು. ಮೊದಲ ಕಾರ್ಡನ್ನು ದೇವರ ಮುಂದೆ ಇಡಲು ಅವರ ಕೈಗೇ ಕೊಟ್ಟರಂತೆ. ಅವರು ಕನ್ನಡಕ ಹಾಕಿಕೊಂಡು ಓದಿ, ಏನೂ ಮಾತಾಡದೆ ಒಳಗೆ ಹೋದರಂತೆ. ನಾನು ರಾತ್ರಿ ಕೂತು ಎಲ್ಲ ಕಾರ್ಡು ಮತ್ತೆ ಅಚ್ಚು ಹಾಕಿಸಿ ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ.

ಅವತ್ತಿನಿಂದ ಹೆಬ್ಬೆರಳು ಬಂದರೆ ನಾನು ಕೆಲಸ ಮುಂದುವರಿಸುವುದಿಲ್ಲ. ಫೋನು ಮಾಡಿ, ಒಂದು ಸಲ ಗಟ್ಟಿಯಾಗಿ ಓದಿ ಅನ್ನುತ್ತೇನೆ. ನೀವೂ ಏನೇ ಬರೆದರೂ ಕಳಿಸುವ ಮೊದಲು ಹೀಗೆ ಮಾಡಿ ನೋಡಿ. ಕಣ್ಣು ತಪ್ಪನ್ನು ಹಾರಿಸಿಕೊಂಡು ಹೋಗುತ್ತದೆ, ಕಿವಿ ಹಾಗೆ ಬಿಡುವುದಿಲ್ಲ. ಬಿಡಿಸಿದ ಪ್ರತ್ಯಯ, ಯಂತ್ರದ ವಾಕ್ಯ, ಪೂರ್ಣವಿರಾಮ ಇಲ್ಲದೆ ಇಡೀ ಪುಟ ಎಳೆದದ್ದು, ಎಲ್ಲ ಬಾಯಿಗೆ ಬಂದಾಗ ತೊಡಕುತ್ತವೆ. ಹಕಾರ, ಮಹಾಪ್ರಾಣ ಮಾತ್ರ ಕಿವಿಗೆ ಸಿಗುವುದಿಲ್ಲ. ಅವುಗಳಿಗೆ ನಿಘಂಟೇ ಬೇಕು.

ಇದೆಲ್ಲಕ್ಕಿಂತ ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಹೋದ ವರ್ಷ ನಮ್ಮೂರಿನ ಒಬ್ಬ ಹುಡುಗನ ತಂದೆ ತೀರಿಕೊಂಡರು. ಆ ಹುಡುಗ ರಾತ್ರಿ ಹನ್ನೊಂದು ಗಂಟೆಗೆ ಬ್ಯಾನರ್‌ಗೆ ಅಂತ ನನಗೆ ನಾಲ್ಕು ಸಾಲು ಕಳಿಸಿದ. ಅದನ್ನೇ ಊರಿನ ಗ್ರೂಪಿಗೂ ಹಾಕಿದ. ‘ಭಾವಪೂರ್ಣ ಶೃದ್ದಾಂಜಲಿ’ ಅಂತ ಬರೆದಿದ್ದ. ಶ್ರದ್ಧೆ ಮತ್ತು ಅಂಜಲಿ ಸೇರಿ ಶ್ರದ್ಧಾಂಜಲಿ ಆಗಬೇಕು, ಅವನು ಬರೆದದ್ದು ತಪ್ಪು, ನಿಜ. ನಾನು ಬ್ಯಾನರಿನಲ್ಲಿ ಸರಿ ಮಾಡಿಕೊಂಡೆ. ಗ್ರೂಪಿನಲ್ಲಿ ಒಬ್ಬರು ಅದರ ಕೆಳಗೆ ‘ಮೊದಲು ಕನ್ನಡ ನೆಟ್ಟಗೆ ಕಲಿ’ ಅಂತ ಹಾಕಿದರು. ಇನ್ನಿಬ್ಬರು ಅದಕ್ಕೆ ನಗುವ ಮುಖ ಒತ್ತಿದರು. ಐದು ನಿಮಿಷದಲ್ಲಿ ಹುಡುಗ ತನ್ನ ಸಾಲುಗಳನ್ನು ಅಳಿಸಿಬಿಟ್ಟ. ಇಂಗ್ಲಿಷಿನ ಮೂರು ಅಕ್ಷರ ಹಾಕಿ, ಅಪ್ಪನ ಫೋಟೋ ಹಾಕಿದ. ಹನ್ನೊಂದನೇ ದಿನದ ಕಾರ್ಡಿಗೆ ಬಂದಾಗ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದಿದ್ದ. “ಅಣ್ಣಾ, ಕನ್ನಡದಲ್ಲಿ ನೀವೇ ಹಾಕ್ಕೊಳ್ಳಿ” ಅಂದ.

ತಿದ್ದಲೇಬಾರದು ಅಂತ ನಾನು ಹೇಳುತ್ತಿಲ್ಲ, ತಿದ್ದುವುದು ನನ್ನ ಹೊಟ್ಟೆಪಾಡು. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ದೊಡ್ಡ ನಿಘಂಟು ಮಾಡಿದ ವಿದ್ವಾಂಸರು. ಯಾರು ಎಂಥ ಸಣ್ಣ ಅನುಮಾನ ಕೇಳಿದರೂ ಶಬ್ದದ ಬೇರು ಹಿಡಿದು ಸಮಾಧಾನವಾಗಿ ಹೇಳುತ್ತಿದ್ದರು. ನಾನು ಈ ಕೆಲಸ ಕಲಿಯುವಾಗ ಆ ಅಂಕಣ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ತಪ್ಪು ಕಂಡರೆ ಅವರಿಗೊಬ್ಬರಿಗೇ ಬೇರೆಯಾಗಿ ಒಂದು ಮೆಸೇಜ್ ಹಾಕಿ. ಎಲ್ಲರ ಮುಂದೆ ಬೇಡ. ಸಾವಿನ ಮನೆಯವರಿಗಂತೂ ಅವತ್ತು ಬೇಡವೇ ಬೇಡ.

ಆ ಹುಡುಗ ಈಗ ಅಪ್ಪನ ವ್ಯಾಪಾರ ನೋಡಿಕೊಳ್ಳುತ್ತಿದ್ದಾನೆ. ನನಗೆ ಕೆಲಸ ಕೊಡುತ್ತಲೇ ಇರುತ್ತಾನೆ, ಆದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು ಕಳಿಸುತ್ತಾನೆ. ಹಾಗೆ ಬರೆದರೆ ಹಲ್ಲಿಗೂ ಹಳ್ಳಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮೊನ್ನೆ ಅಂಗಡಿ ಬೋರ್ಡಿಗೆ ಅಂತ ಬಿ, ಎ, ಎಲ್, ಇ ಅಂತ ಒಂದು ಶಬ್ದ ಬಂತು. ಅದು ಬಲೆಯೂ ಆಗಬಹುದು, ಬಳೆಯೂ ಆಗಬಹುದು, ಬಾಳೆಯೂ ಆಗಬಹುದು. ಫೋನು ಮಾಡಿ ಕೇಳಿದೆ. “ಬಾಳೆ ಅಣ್ಣಾ, ಬಾಳೆಕಾಯಿ ಮಂಡಿ” ಅಂದ. ಕನ್ನಡದಲ್ಲೇ ಕಳಿಸಪ್ಪಾ, ತಪ್ಪಿದ್ದರೆ ನಾನಿದ್ದೀನಿ ಅಂದೆ. ಆಯ್ತಣ್ಣಾ ಅಂದ. ಇನ್ನೂ ಕಳಿಸಿಲ್ಲ.