ಕಿತ್ತಳೆ ಸಿಪ್ಪೆಗೆ ಐದೇ ನಿಮಿಷ: ಮನೆಯಲ್ಲಿ ವಿಟ್‌ಬಿಯರ್ ಮಾಡುವವರ ಪ್ರಶ್ನೆಗಳು

ಗೋಧಿ ಬಿಯರ್ ಬಗ್ಗೆ ಏನಾದರೂ ಕೇಳೋದಿದ್ದರೆ ಕೇಳಿ ಅಂದಿದ್ದೆ. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಲ್ಜಿಯಂ ಶೈಲಿಯ ವಿಟ್‌ಬಿಯರ್ ಬಗ್ಗೆಯೇ ಇವೆ. ಅದರಲ್ಲೂ ಹಣ್ಣು, ಸಿಪ್ಪೆ ಹಾಕಲು ಹೋಗಿ ಕೈ ಸುಟ್ಟುಕೊಂಡವರೇ ಜಾಸ್ತಿ. ಕೆಳಗಿನ ಅಳತೆಗಳೆಲ್ಲ 19 ಲೀಟರಿಗೆ, ಅಂದರೆ ಅಮೆರಿಕದ 5 ಗ್ಯಾಲನ್ನಿಗೆ.

ಆರು ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ವರ್ಟ್ (ಧಾನ್ಯದಿಂದ ಇಳಿಸಿದ ಸಿಹಿ ನೀರು) ಜೊತೆ ಒಂದು ಗಂಟೆ ಕುದಿಸಿದೆ. ಘಮ ಬರಲಿಲ್ಲ. ಬಿಯರ್ ಮಾತ್ರೆ ಅಗಿದ ಹಾಗೆ ಕಹಿಯಾಗಿದೆ. ಯೀಸ್ಟ್ ಹಳೆಯದಾಗಿತ್ತಾ? (ಓದುಗರು, ನ್ಯೂಜೆರ್ಸಿ)

ಯೀಸ್ಟಿನ ಮೇಲೆ ಗೂಬೆ ಕೂರಿಸಬೇಡಿ. ಒಂದು ತುಂಡು ಸಿಪ್ಪೆಯನ್ನು ಬೆರಳುಗಳ ನಡುವೆ ಮಡಚಿ ಹಿಂಡಿ ನೋಡಿ. ಸಣ್ಣ ಸಣ್ಣ ಹನಿ ಚಿಮ್ಮುತ್ತದೆ. ಚಿಕ್ಕವರಿದ್ದಾಗ ಅದನ್ನು ತಮ್ಮನ ಕಣ್ಣಿಗೆ ಹಾರಿಸಿ ಬೈಸಿಕೊಂಡಿರುತ್ತೀರಿ, ಅಲ್ವಾ? ನಿಮಗೆ ಬೇಕಾಗಿದ್ದದ್ದು ಆ ಎಣ್ಣೆ. ಅದು ಇರುವುದು ಹೊರಗಿನ ಕಿತ್ತಳೆ ಬಣ್ಣದ ತೆಳು ಪದರದಲ್ಲಿ ಮಾತ್ರ. ಒಳಗಿನ ಬಿಳಿ ಭಾಗದಲ್ಲಿ ಬರೀ ಕಹಿ. ಕುದಿಸಿದಷ್ಟೂ ಎಣ್ಣೆ ಆವಿಯಾಗಿ ಹಾರಿಹೋಗುತ್ತದೆ, ಕಹಿ ನೀರಿಗೆ ಇಳಿಯುತ್ತದೆ. ಒಂದು ಗಂಟೆ ಕುದಿಸಿದರೆ ಘಮ ಅಡುಗೆಮನೆಗೆ, ಕಹಿ ಪಾತ್ರೆಗೆ. ಆವತ್ತು ಮನೆಯೆಲ್ಲ ಘಮ್ಮೆಂದಿತ್ತು ಅಂತ ನೀವೇ ಪತ್ರದಲ್ಲಿ ಬರೆದಿದ್ದೀರಿ.

ಮುಂದಿನ ಸಲ ಹೀಗೆ ಮಾಡಿ. ಮೂರು ಹಣ್ಣು ಸಾಕು. ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಅಂಗಡಿ ಹಣ್ಣಿಗೆ ಮೇಣ ಸವರಿರುತ್ತಾರೆ. ತರಕಾರಿ ಹೆರೆಯುವ ಪೀಲರಿನಿಂದ ಹಗುರವಾಗಿ ಹೆರೆಯಿರಿ. ಹೆರೆದ ಸಿಪ್ಪೆಯನ್ನು ಮಗುಚಿ ನೋಡಿ. ಹಿಂಭಾಗ ಬೆಳ್ಳಗೆ ಕಂಡರೆ ಕೈ ಭಾರವಾಯಿತು ಅಂತ ಅರ್ಥ. 25ರಿಂದ 30 ಗ್ರಾಂ ಆದರೆ ನಿಲ್ಲಿಸಿ. ಒಲೆ ಆರಿಸಲು ಐದು ನಿಮಿಷ ಇದೆ ಅನ್ನುವಾಗ ಹಾಕಿ. ಸಾರು ಇಳಿಸುವ ಹೊತ್ತಿಗೆ ಕೊತ್ತಂಬರಿ ಸೊಪ್ಪು ಹಾಕುತ್ತೀವಲ್ಲ, ಲೆಕ್ಕ ಅದೇ. ಬಾಟಲಿ ತುಂಬುವ ಮೊದಲು ರುಚಿ ನೋಡಿದಾಗ ಘಮ ಕಮ್ಮಿ ಅನ್ನಿಸಿತು ಅಂದುಕೊಳ್ಳಿ. ಆಗ ಇನ್ನೊಂದು ಹಣ್ಣಿನ ಸಿಪ್ಪೆಯನ್ನು ಮುಳುಗುವಷ್ಟು ವೋಡ್ಕಾದಲ್ಲಿ ಎರಡು ದಿನ ನೆನೆಸಿ, ಸೋಸಿ, ಚಮಚ ಚಮಚವಾಗಿ ಸೇರಿಸಿ. ಜಾಸ್ತಿಯಾಗಿದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ, ನೆನಪಿರಲಿ.

ಬೆಲ್ಜಿಯಂನವರು ಕಹಿ ಕಿತ್ತಳೆಯನ್ನೇ ಬಳಸುತ್ತಾರಲ್ಲ ಅಂತಲೂ ಕೇಳಿದ್ದೀರಿ. ಹೌದು. ಸ್ಪೇನಿನವರು ತಮ್ಮ ಕಿತ್ತಳೆಯನ್ನು ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪಕ್ಕೆ ಒಯ್ದು ನೆಟ್ಟರು. ಆ ಒಣನೆಲದಲ್ಲಿ ಹಣ್ಣು ಸೊರಗಿ, ತಿನ್ನಲಾಗದಷ್ಟು ಕಹಿಯಾಯಿತು. ಆದರೆ ಸಿಪ್ಪೆಯ ಘಮ ಉಳಿಯಿತು. ಬ್ರೂಯಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಣ ಸಿಪ್ಪೆ ಅದೇ ಜಾತಿಯದು. ನನಗೇನೋ ಪ್ಯಾಕೆಟ್ಟಿನ ಒಣ ಚೂರಿಗಿಂತ ತಾಜಾ ಸಿಪ್ಪೆಯೇ ಇಷ್ಟ. ಆ ಪ್ಯಾಕೆಟ್ ಅಂಗಡಿಯ ಕಪಾಟಿನಲ್ಲಿ ಎಷ್ಟು ಕಾಲ ಕೂತಿತ್ತೋ ಯಾರಿಗೆ ಗೊತ್ತು!

ಈ ಬಿಯರ್ ಇವತ್ತು ನಮ್ಮ ಕೈಗೆ ಬಂದಿರುವುದೇ ಒಬ್ಬ ಹಾಲು ಮಾರುವವರಿಂದ. ಬೆಲ್ಜಿಯಂನ ಹೂಗಾರ್ಡನ್ ಊರಿನಲ್ಲಿ ಈ ಬಿಯರ್ ಮಾಡುತ್ತಿದ್ದ ಕೊನೆಯ ಬ್ರೂವರಿ 1957ರಲ್ಲಿ ಮುಚ್ಚಿತು. ಆ ಹಾಲು ಮಾರುವವರು, ಪಿಯರ್ ಸೆಲಿಸ್, ಹುಡುಗನಾಗಿದ್ದಾಗ ಅಲ್ಲಿ ಕೈ ಕೆಲಸ ಮಾಡಿದ್ದವರು. 1960ರ ದಶಕದ ಮಧ್ಯದಲ್ಲಿ ಅವರೇ ಅದನ್ನು ಮತ್ತೆ ಶುರು ಮಾಡಿದರು. ಮುಂದೆ 1992ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲೂ ಬ್ರೂವರಿ ತೆರೆದರು. (ನಾವು ಕನ್ನಡದವರು ಆ ಊರನ್ನು ಹೂ-ಗಾರ್ಡನ್ ಅಂತ ಓದಿದರೆ ಜನ ನಗುತ್ತಾರೆ. ಅಲ್ಲಿಯವರ ಉಚ್ಚಾರಣೆಗೆ ಅದೇ ಹತ್ತಿರ, ನಗಲಿ ಬಿಡಿ.)

ಈಗಿರುವ ಕಹಿ ಬಿಯರನ್ನು ಸರಿ ಮಾಡಲು ಆಗುವುದಿಲ್ಲ. ಅರ್ಧ ಗ್ಲಾಸ್ ನಿಂಬೆ ಸೋಡಾ ಬೆರೆಸಿ ಶ್ಯಾಂಡಿ ಮಾಡಿಕೊಂಡು ಕುಡಿದು ಮುಗಿಸಿ.

ನನ್ನ ವಿಟ್‌ಬಿಯರಿಗೆ ಸೆಲರಿ ಸೊಪ್ಪಿನ ವಾಸನೆ ಬಂದಿದೆ. ಮಾಂಸ ತಿನ್ನುವ ಗೆಳೆಯ ಕುಡಿದು ನೋಡಿ ‘ಹ್ಯಾಮ್ ಥರ ಇದೆ’ ಅಂದ. ನಾನು ಹಾಕಿದ್ದು ಕಿತ್ತಳೆ ಮತ್ತು ಧನಿಯಾ ಮಾತ್ರ. (ಓದುಗರು, ಮೆಲ್ಬರ್ನ್)

ಗೆಳೆಯರ ಮೂಗು ಚುರುಕಾಗಿದೆ. ಅದು ಧನಿಯಾದ್ದೇ ಕೆಲಸ. ಬಿಯರ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ವಿಟ್‌ಬಿಯರಿನಲ್ಲಿ ಹಿಡಿಯುವ ತಪ್ಪುಗಳಲ್ಲಿ ಇದೂ ಒಂದು. ಧನಿಯಾ ಹಳೆಯದಾಗಿದ್ದರೆ, ಇಲ್ಲವೇ ಅಳತೆ ಮೀರಿದರೆ ಹೀಗಾಗುತ್ತದೆ. ಊರಿಂದ ಅಮ್ಮ ಕಟ್ಟಿಕೊಟ್ಟಿದ್ದನ್ನು ಹಾಕಿದೆ ಅಂದಿದ್ದೀರಿ. ಯಾವ ವರ್ಷ ಕಟ್ಟಿಕೊಟ್ಟಿದ್ದು?

ಹಾಗಂತ ಊರಿನ ಧನಿಯಾವನ್ನು ಬಿಡಬೇಡಿ. ಈ ವಿಷಯದಲ್ಲಿ ನಮ್ಮ ಕೈ ಮೇಲೆ. ಅಂಗೈ ಮೇಲೆ ಎರಡು ಥರದ್ದು ಇಟ್ಟುಕೊಂಡು ನೋಡಿ. ಸೂಪರ್‌ಮಾರ್ಕೆಟ್ಟಿನ ಮಸಾಲೆ ಶೀಶೆಯಲ್ಲಿ ಸಾಮಾನ್ಯವಾಗಿ ಇರುವುದು ಗುಂಡಗಿನ, ಕಂದು ಬಣ್ಣದ ಕಾಳು. ಇಂಡಿಯನ್ ಅಂಗಡಿಯಲ್ಲಿ ಸಿಗುವುದು ಮೊಟ್ಟೆಯಾಕಾರದ, ತಿಳಿ ಹಸಿರು-ಹಳದಿ ಕಾಳು. ಎರಡನ್ನೂ ಉಗುರಿನಲ್ಲಿ ಒಡೆದು ಮೂಸಿ. ನಮ್ಮದರಲ್ಲಿ ಕಿತ್ತಳೆ, ನಿಂಬೆಯ ಕಡೆಗಿನ ಸಿಹಿ ಘಮ ಇರುತ್ತದೆ. ಮನೆಯಲ್ಲಿ ಬಿಯರ್ ಮಾಡುವ ಅಮೆರಿಕನ್ನರು ಇದನ್ನೇ ಹುಡುಕಿಕೊಂಡು ನಮ್ಮ ದಿನಸಿ ಅಂಗಡಿಗೆ ಬರುತ್ತಾರೆ.

ಹೊಸ ಪ್ಯಾಕೆಟ್ ತನ್ನಿ. ಹುರಿಯಬೇಡಿ, ಹುರಿದರೆ ಸಾರಿನ ಪುಡಿಯ ದಾರಿ ಹಿಡಿಯುತ್ತದೆ. 15 ಗ್ರಾಂ ತೂಗಿ. ಬ್ರೂ ಮಾಡುವ ದಿನವೇ ಕುಟ್ಟಾಣಿಯಲ್ಲಿ ಹಾಕಿ, ಒಂದು ಕಾಳು ಎರಡು-ಮೂರು ಚೂರಾದರೆ ಸಾಕು. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಬೇಡಿ. ಇದೂ ಸಿಪ್ಪೆಯ ಜೊತೆಗೇ, ಕೊನೆಯ ಐದು ನಿಮಿಷಕ್ಕೆ. ಕುಡಿದವರು ‘ಧನಿಯಾ ಹಾಕಿದ್ದೀಯಾ?’ ಅಂತ ಕಂಡುಹಿಡಿದರೆ ಜಾಸ್ತಿಯಾಯಿತು ಅಂತಲೇ ಲೆಕ್ಕ. ಲವಂಗದ ಥರದ ಸಣ್ಣ ಖಾರ ಯೀಸ್ಟಿನಿಂದ ತಾನಾಗಿ ಬರುತ್ತದೆ, ಅದಕ್ಕೆ ಜಾಗ ಬಿಡಬೇಕು. ಬೆಲ್ಜಿಯನ್ ವಿಟ್ ಯೀಸ್ಟನ್ನೇ ಕೇಳಿ ತನ್ನಿ. 19-20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುರು ಮಾಡಿ, ಎರಡು ದಿನದ ಮೇಲೆ 22ರವರೆಗೆ ಏರಿದರೂ ಚಿಂತೆಯಿಲ್ಲ.

ಮ್ಯಾಶ್ ಮಾಡಿ (ಧಾನ್ಯವನ್ನು ಬಿಸಿನೀರಿನಲ್ಲಿ ನೆನೆಸಿಟ್ಟು) ನಲ್ಲಿ ತಿರುಗಿಸಿದರೆ ಒಂದು ತೊಟ್ಟೂ ಇಳಿಯಲಿಲ್ಲ. ಒಳಗೆ ಗಂಜಿಯಾಗಿ ಕೂತಿತ್ತು. (ಓದುಗರು, ಟೊರೊಂಟೊ)

ಮಾಲ್ಟ್ ಮಾಡದ (ಮೊಳಕೆ ಬರಿಸಿ ಒಣಗಿಸದ) ಗೋಧಿ, ಓಟ್ಸ್ ಎರಡಕ್ಕೂ ಸಿಪ್ಪೆ ಇರುವುದಿಲ್ಲ, ಅಂಟು ಜಾಸ್ತಿ. ನಿಮ್ಮ ಅಳತೆಯಲ್ಲಿ ಗೋಧಿ ಅರ್ಧಕ್ಕಿಂತ ಮೇಲಿದೆ. ನನ್ನದು ಹೀಗೆ: ಪಿಲ್ಸ್ನರ್ ಮಾಲ್ಟ್ 2.1 ಕಿಲೋ, ಗೋಧಿ ಅವಲಕ್ಕಿ 1.9 ಕಿಲೋ, ಓಟ್ಸ್ 200 ಗ್ರಾಂ. 67 ಡಿಗ್ರಿಯಲ್ಲಿ ಒಂದು ಗಂಟೆ. ಕಹಿ ಕೊಡುವ ಹಾಪ್ಸ್ ಹೂವು ಸಾಜ್ ಅಥವಾ ಹಾಲರ್ಟಾವ್ ಜಾತಿಯದು, ಕುದಿ ಬಂದಾಗಲೇ 28 ಗ್ರಾಂ, ಆಮೇಲೆ ಏನೂ ಬೇಡ. ಇದರ ಜೊತೆ ಎರಡು ಹಿಡಿ ಭತ್ತದ ಹೊಟ್ಟು ತೊಳೆದು ಸೇರಿಸಿ. ಬ್ರೂಯಿಂಗ್ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ರುಚಿ ಕೊಡುವುದಿಲ್ಲ, ನೀರಿಗೆ ದಾರಿ ಬಿಡುತ್ತದೆ. ಊರಲ್ಲಿ ಗಿರಣಿಯ ಹಿಂದೆ ಗುಡ್ಡೆ ಬಿದ್ದಿರುತ್ತಿದ್ದ ಹೊಟ್ಟಿಗೆ ಇಲ್ಲಿ ಡಾಲರ್ ಕೊಟ್ಟಾಗ ಹೊಟ್ಟೆ ಉರಿಯುತ್ತದೆ ನಿಜ.

ಹುದುಗು ಮುಗಿದ ಮೇಲೆ ಎರಡು ಡಬ್ಬಿ ಮಾವಿನ ತಿರುಳು ಬೆರೆಸಿ, ಮಾರನೇ ದಿನವೇ ಬಾಟಲಿ ತುಂಬಿದೆ. ಹತ್ತು ದಿನದ ಮೇಲೆ ರಾತ್ರಿ ಗ್ಯಾರೇಜಿನಲ್ಲಿ ಮೂರು ಬಾಟಲಿ ಒಡೆದವು. ಮಿಕ್ಕವನ್ನು ಏನು ಮಾಡಲಿ? (ಓದುಗರು, ಟೆಕ್ಸಸ್)

ಮೊದಲು ಮಿಕ್ಕವುಗಳ ಮಾತು. ಮಕ್ಕಳನ್ನು ಆ ಕಡೆ ಬಿಡಬೇಡಿ. ಕಣ್ಣಿಗೆ ದಪ್ಪ ಕನ್ನಡಕ, ಕೈಗೆ ತೋಟದ ಕೆಲಸದ ಗ್ಲೌಸ್, ಉದ್ದ ತೋಳಿನ ಜಾಕೆಟ್ ಹಾಕಿಕೊಳ್ಳಿ. ಪೆಟ್ಟಿಗೆಯ ಮೇಲೆ ದಪ್ಪ ಟವೆಲ್ ಹೊದಿಸಿ, ಅಲುಗಾಡಿಸದೆ ಫ್ರಿಜ್ಜಿಗೆ ಸಾಗಿಸಿ. ಒಂದು ದಿನ ತಣ್ಣಗಾದ ಮೇಲೆ ಒಂದೊಂದನ್ನೇ ಸಿಂಕಿನಲ್ಲಿಟ್ಟು, ಟವೆಲ್ ಮುಚ್ಚಿ, ಮುಚ್ಚಳ ಮೆಲ್ಲಗೆ ಎತ್ತಿ ಗ್ಯಾಸ್ ಬಿಡಿ. ಬಾಟಲಿಗಳು ಒಡೆದವಲ್ಲ ಅಂತ ನೊಂದುಕೊಂಡಿದ್ದೀರಿ. ಗಾಜಿನ ಚೂರು ಯಾರಿಗೂ ತಗಲಿಲ್ಲ ಅನ್ನುವುದನ್ನು ನೋಡಿ.

ಆಗಿದ್ದೇನು? ಲೆಕ್ಕ ಹಾಕೋಣ. ಬಾಟಲಿಯಲ್ಲಿ ನೊರೆ ಬರಲಿ ಅಂತ ನಾವು ಹಾಕುವುದು ಲೀಟರಿಗೆ ಸುಮಾರು 7 ಗ್ರಾಂ ಸಕ್ಕರೆ. ಇಡೀ ಬ್ಯಾಚಿಗೆ 130 ಗ್ರಾಂ. ಈಗ ತಿರುಳಿನ ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿ ಓದಿ. 100 ಗ್ರಾಂಗೆ 15 ಗ್ರಾಂ ಸಕ್ಕರೆ ಅಂತಿದ್ದರೂ 850 ಗ್ರಾಂ ಡಬ್ಬಿಯಲ್ಲಿ 130 ಗ್ರಾಂ ಹತ್ತಿರ ಆಯಿತು. ನೀವು ಎರಡು ಡಬ್ಬಿ ಹಾಕಿದ್ದೀರಿ, ಮೇಲೆ ಮಾಮೂಲಿ ಸಕ್ಕರೆಯನ್ನೂ ಹಾಕಿದ್ದೀರಿ. ಮೂರು ಪಾಲು ಸಕ್ಕರೆಯನ್ನು ಬಾಟಲಿಯಲ್ಲಿ ಬೀಗ ಹಾಕಿ ಕೂಡಿಸಿದಂತಾಯಿತು. ಹುದುಗು ಮುಗಿದಿದೆ ಅಂದರೆ ಯೀಸ್ಟ್ ಸತ್ತಿದೆ ಅಂತಲ್ಲ, ಊಟ ಮುಗಿಸಿ ಕೂತಿದೆ ಅಷ್ಟೇ. ಎಲೆಗೆ ಮತ್ತೆ ಬಡಿಸಿದರೆ ಬಿಡುತ್ತದಾ?

ತಿರುಳನ್ನು ಫರ್ಮೆಂಟರಿಗೇ (ಹುದುಗು ಬರಿಸುವ ಪಾತ್ರೆಗೇ) ಹಾಕಿ. ಮೊದಲ ಹುದುಗಿನ ಅಬ್ಬರ ಇಳಿದ ಮೇಲೆ, ಐದಾರನೇ ದಿನ. ಮತ್ತೆ ನೊರೆ ಏಳುತ್ತದೆ, ಮೇಲೆ ಜಾಗ ಬಿಟ್ಟಿರಿ. ಆಮೇಲೆ ಕನಿಷ್ಠ ಒಂದು ವಾರ ಬಿಡಿ. ಹೈಡ್ರೋಮೀಟರ್ (ಬಿಯರಿನ ಸಾಂದ್ರತೆ ಅಳೆಯುವ ಕೊಳವೆ) ಮೂರು ದಿನ ಒಂದೇ ಅಂಕಿ ತೋರಿಸಬೇಕು. ಈ ಬಿಯರಿಗೆ ಅದು 1.010ರ ಆಸುಪಾಸು ಇರುತ್ತದೆ. ಏರ್‌ಲಾಕಿನಲ್ಲಿ (ಗ್ಯಾಸ್ ಹೊರಬಿಡುವ ಕೊಳವೆ) ಗುಳ್ಳೆ ನಿಂತಿತು ಅನ್ನುವುದು ಸಾಕ್ಷಿಯಲ್ಲ. ಡಬ್ಬಿಯ ಪಟ್ಟಿಯಲ್ಲಿ ಸೋರ್ಬೇಟ್ ಅಂತ ಕಂಡರೆ ಬೇರೆ ಡಬ್ಬಿ ತೆಗೆದುಕೊಳ್ಳಿ, ಅದು ಯೀಸ್ಟನ್ನು ತಡೆಯಲೆಂದೇ ಹಾಕುವ ವಸ್ತು. ತಾಜಾ ಹಣ್ಣಾದರೆ ತಿರುಳು ತೆಗೆದು 70 ಡಿಗ್ರಿಗೆ ಬಿಸಿ ಮಾಡಿ, ಹತ್ತು ನಿಮಿಷ ಅಷ್ಟರಲ್ಲೇ ಇಟ್ಟು, ಆರಿಸಿ ಹಾಕಿ. ಕುದಿಸಿದರೆ ಜಾಮ್ ವಾಸನೆ ಬರುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ಲಾಸಿನಲ್ಲಿ ಸೀಕರಣೆ ರುಚಿ ಬರುತ್ತದೆ ಅಂತ ಕಾಯಬೇಡಿ. ಸಿಹಿಯನ್ನೆಲ್ಲ ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಹುಳಿ, ಒಂದಿಷ್ಟು ಘಮ, ಮಾವಿನ ತೊಟ್ಟು ಮುರಿದಾಗ ಬರುತ್ತದಲ್ಲ, ಅಂಥ ಸೊನೆ ವಾಸನೆ. ನನಗೆ ಅದು ಇಷ್ಟ, ನನ್ನ ಹೆಂಡತಿಗೆ ಆಗುವುದಿಲ್ಲ. ಹುಳಿ ಇರುವ ಹಣ್ಣೇ ಬಿಯರಿನಲ್ಲಿ ಮುಖ ಉಳಿಸಿಕೊಳ್ಳುವುದು. ರಾಸ್ಪ್‌ಬೆರಿ ಅದಕ್ಕೇ ಹೊಂದುತ್ತದೆ, ಹೂಗಾರ್ಡನ್‌ನವರೂ ತಮ್ಮ ಗುಲಾಬಿ ಬಣ್ಣದ ಬಿಯರಿಗೆ ಅದನ್ನೇ ಹಾಕಿದ್ದಾರೆ. ಮೊದಲ ಸಲ ಹಣ್ಣು ಹಾಕುವವರು ಫ್ರೋಜನ್ ರಾಸ್ಪ್‌ಬೆರಿ ಒಂದೂವರೆ ಕಿಲೋದಿಂದ ಶುರು ಮಾಡಿ. ಹಣ್ಣು ಹಾಕುವ ಬ್ಯಾಚಿಗೆ ಧನಿಯಾ, ಸಿಪ್ಪೆ ಅರ್ಧಕ್ಕೆ ಇಳಿಸಿ. ಮೂರೂ ಜೋರಾದರೆ ಸಂತೆ.

ನಾನು ಬೆಂಗಳೂರಿನವನು. ಅತ್ತೆಯ ಮನೆಯ ಹಿತ್ತಿಲಲ್ಲಿ ಕಂಚಿಕಾಯಿ ಮರ ಇದೆ. ಅದರ ಸಿಪ್ಪೆ ಹಾಕಿ ಮನೆಯಲ್ಲೇ ವಿಟ್‌ಬಿಯರ್ ಮಾಡಬಹುದಾ?

ಮಾಡುವ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರೂ ಅದರಲ್ಲೇ ಬರುತ್ತದೆ. ಮಾರುವುದಿಲ್ಲ, ಮನೆಯಲ್ಲೇ ಕುಡಿಯುತ್ತೇನೆ ಅಂದರೂ ಅಷ್ಟೇ. ಕಿಟ್ ಆನ್‌ಲೈನಿನಲ್ಲಿ ಸಿಗುತ್ತದಲ್ಲ ಅನ್ನಬೇಡಿ. ಅದನ್ನು ಕೊಳ್ಳುವುದು ಬೇರೆ, ಬಿಯರ್ ಮಾಡಲು ಅನುಮತಿ ಬೇರೆ. ಅಮೆರಿಕದಲ್ಲೂ ಇದಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಮೇಲೆಯೇ. ಒಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರು ಇರುವ ಮನೆಗೆ 200. ಮಾರುವಂತಿಲ್ಲ.

ನಿಮ್ಮ ಊರಲ್ಲಿ ಬ್ರೂಪಬ್‌ಗಳಿಗೇನು ಬರವಿಲ್ಲ, ಪಟ್ಟಿಯಲ್ಲಿ ವಿಟ್ ಇದ್ದೇ ಇರುತ್ತದೆ. ಜನ ಕಮ್ಮಿ ಇರುವ ಮಧ್ಯಾಹ್ನ ಹೋಗಿ ಬ್ರೂವರ್ ಜೊತೆ ಮಾತಾಡಿ. ಒಂದು ಚೀಲ ಕಂಚಿಕಾಯಿ ಕೊಟ್ಟು ನೋಡಿ. ಘಮ ಜೋರು, ಕಹಿಯೂ ಜೋರು. ಕೈ ಪಳಗಿದವರಿಗೆ ಒಳ್ಳೆ ಸಾಮಾನು. ಒಪ್ಪದಿದ್ದರೆ ಅತ್ತೆಯ ಕೈಯಲ್ಲಿ ಗೊಜ್ಜು ಮಾಡಿಸಿಕೊಳ್ಳಿ, ನಷ್ಟವಿಲ್ಲ.

ನನ್ನ ಬಿಯರ್ ಕನ್ನಡಿ ಥರ ತಿಳಿಯಾಗಿದೆ. ವಿಟ್ ಅಂದರೆ ಮಬ್ಬಾಗಿರಬೇಕಲ್ಲವೇ? ಇನ್ನೊಂದು, ಬಿಯರ್ ಸಸ್ಯಾಹಾರವೇ ಅಂತ ಅಪ್ಪ ಕೇಳುತ್ತಿದ್ದಾರೆ. (ಓದುಗರು, ಲಂಡನ್)

ಎರಡಕ್ಕೂ ಉತ್ತರ ಒಂದೇ ಪುಡಿಯಲ್ಲಿದೆ. ಬಿಯರ್ ತಿಳಿಯಾಗಲಿ ಅಂತ ಐಸಿಂಗ್ಲಾಸ್ ಹಾಕಿದೆ ಅಂದಿದ್ದೀರಿ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಅಪ್ಪನಿಗೆ ಈ ಬ್ಯಾಚ್ ಕೊಡಬೇಡಿ. ವಿಟ್‌ಬಿಯರಿಗೆ ತಿಳಿ ಮಾಡುವ ಯಾವ ಪುಡಿಯೂ ಬೇಡ. ಗೋಧಿಯ ಪ್ರೊಟೀನು, ತೇಲುವ ಯೀಸ್ಟು ಸೇರಿ ಬರುವ ಬಿಳಿ ಮಬ್ಬಿನಿಂದಲೇ ಅದಕ್ಕೆ ‘ಬಿಳಿ ಬಿಯರ್’ ಅನ್ನುವ ಹೆಸರು. ಪುಡಿ ಹಾಕದೆ ಮಾಡಿದರೆ ಮಾಲ್ಟು, ಗೋಧಿ, ಹಾಪ್ಸ್, ಯೀಸ್ಟು, ಸಿಪ್ಪೆ, ಧನಿಯಾ ಅಷ್ಟೇ. ಅಪ್ಪನಿಗೆ ಧೈರ್ಯವಾಗಿ ಹೇಳಿ.

ಬಗ್ಗಿಸುವಾಗ ಮುಕ್ಕಾಲು ಬಾಟಲಿ ಗ್ಲಾಸಿಗೆ ಹಾಕಿ ನಿಲ್ಲಿಸಿ. ಉಳಿದದ್ದನ್ನು ಬಾಟಲಿಯಲ್ಲೇ ಒಂದು ಸುತ್ತು ತಿರುಗಿಸಿ, ತಳದಲ್ಲಿ ಕೂತ ಯೀಸ್ಟ್ ಎದ್ದ ಮೇಲೆ ನೊರೆಯ ಮೇಲೆ ಸುರಿಯಿರಿ. ಗ್ಲಾಸಿನ ಅಂಚಿಗೆ ಕಿತ್ತಳೆ ಹೋಳು ಸಿಗಿಸುವುದು ಅಮೆರಿಕದ ಪಬ್ಬುಗಳ ಚಾಳಿ. ಮೂರು ಹಣ್ಣು ಅಷ್ಟು ಜೋಪಾನವಾಗಿ ಹೆರೆದು ಹಾಕಿದ್ದೀರಿ, ಮತ್ತೆ ಮೇಲೊಂದು ಹೋಳು ಯಾಕೆ?