ಕರೆಂಟು, ಕೂಲಿಂಗ್ ನೋಡಿಕೊಳ್ಳುವವರಿಗೆ ಸೈಬರ್ ಸೆಕ್ಯುರಿಟಿ ಯಾಕೆ?

ನೀವು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಡೇಟಾ ಸೆಂಟರ್ ಕೆಲಸಕ್ಕೆ ಸೇರುತ್ತಿದ್ದೀರಿ. "ಹ್ಯಾಕಿಂಗ್, ಎಐ ಎಲ್ಲ ಸರ್ವರ್ ಇಟ್ಟಿರುವ ಕಂಪನಿಗಳ ತಲೆನೋವು, ನಮ್ಮದು ಬರೀ ಕರೆಂಟು, ಕೂಲಿಂಗ್" ಅಂತ ಸೀನಿಯರ್ ಒಬ್ಬರು ಹೇಳಿದ್ದಾರೆ. ಅದು ನಿಜವಾ ಅಂತ ಕೇಳಿದ್ದೀರಿ.

ನಿಜ ಅಲ್ಲ. ನಾನು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಡೇಟಾ ಸೆಂಟರ್‌ನಲ್ಲಿ ಶಿಫ್ಟ್ ಎಂಜಿನಿಯರ್. ಕರೆಂಟ್ ಹೋದ ತಕ್ಷಣ ಬ್ಯಾಟರಿಯಿಂದ ಆಸರೆ ಕೊಡುವ ಯುಪಿಎಸ್, ಡಿಜಿ ಅಂದರೆ ಡೀಸೆಲ್ ಜನರೇಟರ್, ಕೂಲಿಂಗ್‌ಗೆ ನೀರು ತಣ್ಣಗೆ ಮಾಡುವ ಚಿಲ್ಲರ್, ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಮೊದಲು ನಾನೂ ಹಾಗೇ ನಂಬಿದ್ದೆ. ಆ ನಂಬಿಕೆ ಹೋಗಿದ್ದು ಒಂದು ನೈಟ್ ಶಿಫ್ಟ್‌ನಲ್ಲಿ.

ಚಿಲ್ಲರ್ ಒಂದು ಪದೇ ಪದೇ ಟ್ರಿಪ್ ಆಗುತ್ತಿತ್ತು. ಪ್ಯಾನೆಲ್ ಬಾಗಿಲು ತೆಗೆದು ಟಾರ್ಚ್ ಹಾಕಿದೆ. ಕಂಟ್ರೋಲರ್ ಪಕ್ಕದಲ್ಲಿ ಡಬಲ್ ಟೇಪ್ ಹಾಕಿ ಅಂಟಿಸಿದ್ದ ಅಂಗೈ ಅಗಲದ ಕಪ್ಪು ಡಬ್ಬಿ. ಹಸಿರು ದೀಪ ಮಿಣುಕುತ್ತಿತ್ತು. ಸಿಮ್ ಹಾಕಿದ 4ಜಿ ರೂಟರ್ ಅದು. ನಮ್ಮ ಯಾವ ಲಿಸ್ಟಿನಲ್ಲೂ ಇರಲಿಲ್ಲ. ಬೆಳಗ್ಗೆ ಸರ್ವಿಸ್ ಹುಡುಗನಿಗೆ ಫೋನ್ ಮಾಡಿದೆ. "ಸಾರ್, ರಾತ್ರಿ ಅಲಾರಂ ಬಂದ್ರೆ ಅಷ್ಟು ದೂರದಿಂದ ಬರೋಕಾಗಲ್ಲ, ಮನೆಯಿಂದಾನೇ ನೋಡೋಣ ಅಂತ ಹಾಕಿದ್ದೆ" ಅಂದ. ಪಾಪ, ನಮಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದ. ಆದರೆ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇತ್ತು, ಡಬ್ಬಿಯ ಹಿಂದಿನ ಸ್ಟಿಕರ್ ಮೇಲೆ ಅಚ್ಚಾಗಿತ್ತು.

ನಮ್ಮ ಗೇಟಿನಲ್ಲಿ ಗಾರ್ಡ್ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆದುಕೊಳ್ಳುತ್ತಾರೆ. ಆಮೇಲೆ ಬೆರಳಚ್ಚು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಬಿಡುವ ಜೋಡಿ ಬಾಗಿಲು. ಇಷ್ಟೆಲ್ಲ ಇದ್ದೂ ಹಿತ್ತಿಲ ಬಾಗಿಲು ತೆರೆದೇ ಇತ್ತು. ಆ ರೂಟರ್‌ನಿಂದ ಚಿಲ್ಲರ್ ಕಂಟ್ರೋಲರ್, ಅಲ್ಲಿಂದ ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ಒಂದೇ ಕಡೆಯಿಂದ ನಡೆಸುವ ಕಂಪ್ಯೂಟರ್ ವ್ಯವಸ್ಥೆ), ಬಿಎಂಎಸ್‌ನಿಂದ ಸರ್ವರ್ ಇರುವ ಇಡೀ ಹಾಲ್‌ನ ಕೂಲಿಂಗ್. ಸರ್ವರ್ ಮುಟ್ಟದೇನೇ ಸರ್ವರ್ ನಿಲ್ಲಿಸಬಹುದು, ಅಲ್ವಾ?

ಸುಮ್ನೆ ಹೆದರಿಸುತ್ತಿಲ್ಲ. 2022ರ ಮಾರ್ಚ್‌ನಲ್ಲಿ ಆರ್ಮಿಸ್ ಅನ್ನುವ ಸೈಬರ್ ಸೆಕ್ಯುರಿಟಿ ಸಂಸ್ಥೆಯವರು ಎಪಿಸಿ ಬ್ರ್ಯಾಂಡಿನ ಸ್ಮಾರ್ಟ್-ಯುಪಿಎಸ್‌ಗಳಲ್ಲಿ ಮೂರು ದೋಷ ಪತ್ತೆ ಮಾಡಿದರು. ಅವುಗಳ ಮೂಲಕ ದೂರದಿಂದಲೇ ಯುಪಿಎಸ್ ಅನ್ನು ಕೈವಶ ಮಾಡಿಕೊಳ್ಳಬಹುದಿತ್ತು. 2023ರಲ್ಲಿ ಅಂಥದ್ದೇ ಇನ್ನೊಂದು ಸಂಸ್ಥೆ ಟ್ರೆಲಿಕ್ಸ್‌ನವರು ಸೈಬರ್‌ಪವರ್‌ನ ಪವರ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್, ಡೇಟಾಪ್ರೋಬ್‌ನ ಪಿಡಿಯು (ಸರ್ವರ್‌ಗಳಿಗೆ ಕರೆಂಟು ಹಂಚುವ ಸಾಧನ) ಎರಡೂ ಸೇರಿ 9 ದೋಷ ತೋರಿಸಿದರು. ಕಂಪನಿಗಳು ಸರಿಪಡಿಸಿದ ಸಾಫ್ಟ್‌ವೇರ್ ಕೊಟ್ಟವು. ಆದರೆ ಅದನ್ನು ನಮ್ಮ ಮಷಿನ್‌ಗೆ ಹಾಕುವವರು ಯಾರು? ಐಟಿಯವರು "ಯುಪಿಎಸ್ ಎಲೆಕ್ಟ್ರಿಕಲ್‌ನವರದ್ದು" ಅನ್ನುತ್ತಾರೆ. ನಾವು "ಸಾಫ್ಟ್‌ವೇರ್ ಐಟಿಯವರದ್ದು" ಅನ್ನುತ್ತೇವೆ. ನನ್ನ ಪ್ರಕಾರ ಜಾಸ್ತಿ ಅಪಾಯ ಇರುವುದು ಈ ಸಂದಿಯಲ್ಲೇ.

ಅಪ್‌ಡೇಟ್ ಹಾಕುವುದೂ ಸುಲಭ ಅಲ್ಲ. ಯುಪಿಎಸ್ ಫರ್ಮ್‌ವೇರ್ (ಅದರೊಳಗೇ ಕೂತಿರುವ ಸಾಫ್ಟ್‌ವೇರ್) ಬದಲಿಸಲು ಎಷ್ಟೋ ಸಲ ಅದನ್ನು ಬೈಪಾಸ್‌ಗೆ ಹಾಕಬೇಕಾಗುತ್ತದೆ. ಅಷ್ಟು ಹೊತ್ತು ಲೋಡ್, ಅಂದರೆ ಸರ್ವರ್‌ಗಳು, ಬ್ಯಾಟರಿಯ ಆಸರೆ ಇಲ್ಲದೆ ನೇರ ಮೇನ್ಸ್ ಮೇಲೆ ನಿಂತಿರುತ್ತದೆ. ಯಾವ ಗ್ರಾಹಕ ಖುಷಿಯಿಂದ ಒಪ್ಪುತ್ತಾನೆ? ಕೆಲವೊಮ್ಮೆ ಅಪ್‌ಡೇಟೇ ಕೈಕೊಡುತ್ತದೆ. 2024ರ ಜುಲೈ 19ರ ಬೆಳಗ್ಗೆ ಕ್ರೌಡ್‌ಸ್ಟ್ರೈಕ್ ಅನ್ನುವ ಸೈಬರ್ ಸೆಕ್ಯುರಿಟಿ ಕಂಪನಿ ಕಳಿಸಿದ ಒಂದು ಕೆಟ್ಟ ಫೈಲ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಮಷಿನ್‌ಗಳು ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು, ನೆನಪಿರಬಹುದು. ಫೈಲನ್ನು 78 ನಿಮಿಷದಲ್ಲಿ ವಾಪಸ್ ಪಡೆದರು. ಆದರೆ ಅಷ್ಟರಲ್ಲಿ ಬಿದ್ದುಹೋಗಿದ್ದ ಎಷ್ಟೋ ಮಷಿನ್‌ಗಳನ್ನು ಒಂದೊಂದಾಗಿ ಸೇಫ್ ಮೋಡ್‌ಗೆ ತಂದು ಸರಿ ಮಾಡಬೇಕಾಯಿತು. ಡಿಸ್ಕ್‌ಗೆ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಇದ್ದರೆ 48 ಅಂಕಿಯ ಕೀ ಬೇರೆ ಒತ್ತಬೇಕು.

ಹ್ಯಾಕರ್ ಇಲ್ಲದೆಯೂ ಸಾಫ್ಟ್‌ವೇರ್ ಏನು ಮಾಡಬಲ್ಲದು ಅನ್ನುವುದಕ್ಕೆ ಇನ್ನೊಂದು ಘಟನೆ ಹೇಳುತ್ತೇನೆ. ನೀವು ಎಲೆಕ್ಟ್ರಿಕಲ್ ಓದಿದವರು, ಬೇಗ ಅರ್ಥವಾಗುತ್ತದೆ. 2024ರ ಜುಲೈ 10, ಅಮೆರಿಕದ ಉತ್ತರ ವರ್ಜೀನಿಯಾ. 230 ಕೆವಿ ಲೈನಿನ ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನಿಂದ ಕಾಪಾಡುವ ಸಾಧನ) ಒಂದು ಕೆಟ್ಟಿತು. ಆಟೋ ರಿಕ್ಲೋಸ್ ಆದಾಗಲೆಲ್ಲ, ಅಂದರೆ ಟ್ರಿಪ್ ಆದ ಲೈನ್ ತಾನಾಗಿಯೇ ಮತ್ತೆ ಆನ್ ಆದಾಗಲೆಲ್ಲ, ವೋಲ್ಟೇಜ್ ಕುಸಿಯಿತು. ಒಂದು ನಿಮಿಷದೊಳಗೆ ಮೂರು ಸಲ ಕುಸಿದರೆ ಗ್ರಿಡ್ ಬಿಟ್ಟು ಬ್ಯಾಕಪ್‌ಗೆ ಹೋಗಬೇಕು ಅಂತ ಅಲ್ಲಿನ ಯುಪಿಎಸ್‌ಗಳಲ್ಲಿ ಸೆಟ್ಟಿಂಗ್ ಇತ್ತು. ಸುಮಾರು 60 ಡೇಟಾ ಸೆಂಟರ್‌ಗಳು ಒಟ್ಟಿಗೆ ಕಳಚಿಕೊಂಡವು. ಗ್ರಿಡ್‌ನಿಂದ 1,500 ಮೆಗಾವಾಟ್ ಲೋಡ್ ಒಮ್ಮೆಲೇ ಮಾಯವಾಯಿತು. ಯುಪಿಎಸ್‌ಗಳು ಹೇಳಿದಂತೆಯೇ ಕೆಲಸ ಮಾಡಿದ್ದವು. ಎಲ್ಲರೂ ಒಟ್ಟಿಗೆ ಬಿಟ್ಟರೆ ಏನಾಗುತ್ತದೆ ಅಂತ ಸೆಟ್ಟಿಂಗ್ ಹಾಕುವಾಗ ಯೋಚನೆಗೆ ಬಂದಿರಲಿಲ್ಲ.

ಇನ್ನು ಎಐ. ಸರ್ವರ್ ಜೋಡಿಸಿಡುವ ಮಾಮೂಲಿ ರ‍್ಯಾಕ್ ಒಂದಕ್ಕೆ 5ರಿಂದ 10 ಕಿಲೋವಾಟ್ ಸಾಕಿತ್ತು. ಎನ್‌ವಿಡಿಯಾದ 72 ಜಿಪಿಯು (ಎಐ ಲೆಕ್ಕ ಮಾಡುವ ಚಿಪ್) ಇರುವ ಜಿಬಿ200 ರ‍್ಯಾಕ್ ಒಂದಕ್ಕೇ ಸುಮಾರು 120 ಕಿಲೋವಾಟ್ ಬೇಕು. ಗಾಳಿಯಿಂದ ಅಷ್ಟು ಬಿಸಿ ಹೊರಗೆ ಹೋಗುವುದಿಲ್ಲ, ಚಿಪ್ಪಿನ ಬುಡಕ್ಕೇ ದ್ರವ ಹರಿಸಬೇಕು. ಹಳೇ ಹಾಲ್‌ನಲ್ಲಿ ಚಿಲ್ಲರ್ ಟ್ರಿಪ್ ಆದರೆ ಓಡಿಹೋಗಿ ನೋಡಲು ಸ್ವಲ್ಪ ಸಮಯ ಸಿಗುತ್ತಿತ್ತು. ಇಲ್ಲಿ ಪಂಪ್ ನಿಂತರೆ ಆ ಪುರುಸೊತ್ತು ಇರುವುದಿಲ್ಲ. ಪಂಪು, ವಾಲ್ವು ಎಲ್ಲ ಸಾಫ್ಟ್‌ವೇರ್ ಹೇಳಿದಂತೆ ಕೇಳುತ್ತವೆ. ಅಂಥ ಪ್ಯಾನೆಲ್‌ನೊಳಗೆ ಆ ಕಪ್ಪು ಡಬ್ಬಿ ಇದ್ದಿದ್ದರೆ ಅಂತ ಈಗಲೂ ಯೋಚನೆ ಬರುತ್ತದೆ.

ಕೂಲಿಂಗ್ ನಡೆಸಲು ಎಐ ಬಳಸುವುದಕ್ಕೆ ನನ್ನ ವಿರೋಧ ಇಲ್ಲ. ಗೂಗಲ್ 2016ರಲ್ಲೇ ತನ್ನ ಎಐ ಸಂಸ್ಥೆ ಡೀಪ್‌ಮೈಂಡ್‌ನ ಎಐ ಬಳಸಿ ಕೂಲಿಂಗ್‌ನ ಕರೆಂಟನ್ನು ಶೇ. 40ರವರೆಗೆ ಇಳಿಸಿದ್ದಾಗಿ ಹೇಳಿತ್ತು. ಆದರೆ ತಾಪಮಾನದ ಮಿತಿ ಕಂಟ್ರೋಲರ್‌ನಲ್ಲೇ ಗಟ್ಟಿಯಾಗಿ ಕೂತಿರಬೇಕು. ಎಐ ಏನೇ ಹೇಳಿದರೂ ಅದನ್ನು ದಾಟಬಾರದು.

ಕಾನೂನಿನ ಒಂದು ಮಾತು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತನಗೆ ತಿಳಿಸಬೇಕು, 180 ದಿನದ ಲಾಗ್ (ಯಂತ್ರದಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆ) ಇಟ್ಟಿರಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಮಾಡಿದೆ. ಡೇಟಾ ಸೆಂಟರ್‌ಗಳಿಗೂ ಇದು ಅನ್ವಯ. ನಡುರಾತ್ರಿ ವಿಚಿತ್ರವಾದ ಅಲಾರಂ ಮೊದಲು ಕಾಣುವುದು ಶಿಫ್ಟ್‌ನಲ್ಲಿರುವ ನಿಮಗೇ. ರೂಟರ್ ಸಿಕ್ಕ ಮೇಲೆ ನಾವು ಲಾಗ್ ತೆಗೆದು ನೋಡಿದಾಗ ಚಿಲ್ಲರ್ ಕಂಟ್ರೋಲರ್‌ನ ಗಡಿಯಾರ 11 ನಿಮಿಷ ಹಿಂದಿತ್ತು. ಯಾವುದು ಮೊದಲು, ಯಾವುದು ಆಮೇಲೆ ಅಂತ ಜೋಡಿಸಲು ಇಡೀ ದಿನ ಹೋಯಿತು.

ಕೆಲಸಕ್ಕೆ ಸೇರಿದ ಮೊದಲ ವಾರವೇ, ಬಿಎಂಎಸ್ ಇಲ್ಲದೆ ಪಂಪ್ ಓಡಿಸುವುದನ್ನು ಕಲಿಸಿ ಅಂತ ಕೇಳಿ. ನಾವು ವರ್ಷಕ್ಕೆ ಎರಡು ಸಲ ಅದನ್ನು ಮಾಡುತ್ತೇವೆ. ಮೊದಲ ಸಲ ಒಂದು ಪಂಪಿನ ಸೆಲೆಕ್ಟರ್ ಸ್ವಿಚ್ಚು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಲೇ ಇಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದೆ ಜಾಮ್ ಆಗಿಬಿಟ್ಟಿತ್ತು. ಹೊಸದು ಹಾಕಿಸಿದ್ದೇವೆ, ಈಗ ತಿರುಗುತ್ತದೆ.