ಸ್ವಂತ ವಿಮಾನ, ಮೊದಲ ವರ್ಷದ ಬಿಲ್ಲು

ಪ್ರಶ್ನೆ: ಕಳೆದ ವರ್ಷ ನಾಲ್ಕು ಆಸನಗಳ, ಒಂದೇ ಎಂಜಿನ್ನಿನ ಹಳೆಯ ವಿಮಾನವೊಂದನ್ನು ಕೊಂಡೆ. 22 ವರ್ಷಗಳಲ್ಲಿ ಅದರ ಎಂಜಿನ್ ಓಡಿರುವುದು 900 ಗಂಟೆ ಮಾತ್ರ ಎಂಬ ಧೈರ್ಯ ನನಗಿತ್ತು. ಆದರೆ ಮೊದಲ ವಾರ್ಷಿಕ ತಪಾಸಣೆಯಲ್ಲೇ ಒಂದು ಸಿಲಿಂಡರ್, ಒಂದು ಮ್ಯಾಗ್ನೆಟೊ (ಸಿಲಿಂಡರಿನಲ್ಲಿ ಕಿಡಿ ಹಾರಿಸಲು ವಿದ್ಯುತ್ ಕೊಡುವ ಸಾಧನ) ಮತ್ತು ಹೊಗೆಕೊಳವೆಯ ಮಫ್ಲರ್ ಬದಲಾಯಿಸಬೇಕಾಗಿ ಬಂದು, ಕಾರ್ಯಾಗಾರದವರು ಹೇಳಿದ್ದ ಮೊತ್ತದ ಮೂರು ಪಟ್ಟು ತೆರಬೇಕಾಯಿತು. ನಾನು ಮೋಸಹೋದೆನೇ?

ಉತ್ತರ: ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ಮೋಸ ನಡೆದಂತೆ ತೋರುವುದಿಲ್ಲ. ಅವರು ಮೊದಲು ಹೇಳಿದ್ದು ವಿಮಾನವನ್ನು ಬಿಚ್ಚಿ, ನೋಡಿ, ಮತ್ತೆ ಮುಚ್ಚುವ ಕೂಲಿ. ಬಿಚ್ಚಿದಾಗ ಕಂಡದ್ದನ್ನು ಸರಿಪಡಿಸುವ ಖರ್ಚು ಅದರಲ್ಲಿ ಸೇರಿರುವುದಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಅದು ಅವರ ತಪ್ಪೇ. ಇನ್ನು ಮುಂದೆ, ತಪಾಸಣೆ ಮುಗಿದ ಮೇಲೆ ನಿಮ್ಮ ಒಪ್ಪಿಗೆಯಿಲ್ಲದೆ ಯಾವ ದುರಸ್ತಿಗೂ ಕೈಹಾಕಬಾರದು ಮತ್ತು ತೆಗೆದ ಭಾಗಗಳನ್ನು ನಿಮಗೇ ಕೊಡಬೇಕು ಎಂದು ಬರೆದುಕೊಟ್ಟೇ ವಿಮಾನ ಒಪ್ಪಿಸಿ.

ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದ ಗಾಳಿ ಬಿಟ್ಟು, ಅದರಲ್ಲಿ ಎಷ್ಟು ನಿಲ್ಲುತ್ತದೆಂದು ನೋಡುವ ಪರೀಕ್ಷೆ ನಡೆಯುವಾಗ ನೀವೂ ಪಕ್ಕದಲ್ಲಿ ನಿಲ್ಲಿ. ಹೊಗೆಕೊಳವೆಯ ಬಾಯಲ್ಲಿ ಬುಸ್ಸೆಂಬ ಸದ್ದು ಕೇಳಿದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ, ಎಣ್ಣೆ ತುಂಬುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್ ಸವೆದಿದೆ. ಮ್ಯಾಗ್ನೆಟೊವನ್ನು ಸಾಮಾನ್ಯವಾಗಿ 500 ಗಂಟೆಗೊಮ್ಮೆ ಬಿಚ್ಚಿ ನೋಡಬೇಕು. ಮಫ್ಲರಿನ ಮಾತು ಬೇರೆ: ಕ್ಯಾಬಿನ್ನನ್ನು ಬೆಚ್ಚಗಿಡುವ ಗಾಳಿ ಅದನ್ನು ಸುತ್ತಿಕೊಂಡೇ ಒಳಬರುವುದರಿಂದ, ಕೂದಲೆಳೆಯಷ್ಟು ಬಿರುಕಿದ್ದರೂ ಕಾರ್ಬನ್ ಮೊನಾಕ್ಸೈಡ್ ನೇರವಾಗಿ ನಿಮ್ಮ ಮೂಗಿಗೆ ಬಂದೀತು. ಅಲ್ಲಿ ಚೌಕಾಸಿ ಬೇಡವೇ ಬೇಡ.

ನಿಮ್ಮನ್ನು ದಾರಿ ತಪ್ಪಿಸಿದ್ದು ಆ 900 ಗಂಟೆಯ ಲೆಕ್ಕ. ಅದನ್ನು 22 ವರ್ಷಗಳಿಗೆ ಹಂಚಿದರೆ ವಾರಕ್ಕೆ ಒಂದು ಗಂಟೆಯೂ ಆಗುವುದಿಲ್ಲ. ಇಂಥ ಸಣ್ಣ ವಿಮಾನಗಳಲ್ಲಿ ಬಳಸುವ ಲೈಕಮಿಂಗ್ ಓ-320 ಮಾದರಿಯ ಎಂಜಿನ್ನಿಗೆ ತಯಾರಕರು ಹೇಳುವ ಪೂರ್ಣ ದುರಸ್ತಿಯ ಅವಧಿ ಸಾಮಾನ್ಯವಾಗಿ 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಈ ಎಂಜಿನ್ನುಗಳಲ್ಲಿ ವಾಲ್ವುಗಳನ್ನು ತೆರೆಯಿಸುವ ಉಕ್ಕಿನ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಮೇಲ್ಭಾಗದಲ್ಲಿರುವುದರಿಂದ, ವಿಮಾನ ವಾರಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆಯೆಲ್ಲ ಕೆಳಗಿಳಿದು, ಬರಿಮೈಯಾದ ಉಕ್ಕಿಗೆ ತುಕ್ಕು ಹತ್ತುತ್ತದೆ. ಮುಂದೆ ಹಾರಿಸತೊಡಗಿದಾಗ ಆ ತುಕ್ಕಿನ ಗುಳಿಗಳಿಂದ ಸವೆತ ಶುರುವಾಗುತ್ತದೆ. ಅದು ಮೊದಲು ಕಾಣಿಸಿಕೊಳ್ಳುವುದು ಎಣ್ಣೆ ಫಿಲ್ಟರನ್ನು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬೆಳಕಿಗೆ ಹಿಡಿದಾಗ, ಮಿನುಗುವ ಲೋಹದ ಚೂರುಗಳಾಗಿ. ಆ ಚೂರುಗಳು ಅಯಸ್ಕಾಂತಕ್ಕೆ ಅಂಟಿಕೊಂಡರೆ ಅವು ಉಕ್ಕಿನವು. ಕ್ಯಾಮ್‌ಶಾಫ್ಟೇ ಸವೆದಿದ್ದರೆ ಇಡೀ ಎಂಜಿನ್ನನ್ನೇ ಬಿಚ್ಚಬೇಕಾದೀತು; ಆಗ ಸಿಲಿಂಡರಿನ ಖರ್ಚು ಚಿಲ್ಲರೆ ಅನ್ನಿಸುತ್ತದೆ. ಆದ್ದರಿಂದ ಪೂರ್ಣ ದುರಸ್ತಿಯ ಹಣವನ್ನು ಹಾರಿದ ಗಂಟೆಗಿಷ್ಟು ಎಂದಲ್ಲದೆ ತಿಂಗಳಿಗಿಷ್ಟು ಎಂದು ತೆಗೆದಿಡಿ. ನಿಮ್ಮ ಎಂಜಿನ್ನಿನ ಮಟ್ಟಿಗೆ ಆ ಕೆಲಸ ಇಂದೇ ಶುರುವಾಗಲಿ.

ಪ್ರಶ್ನೆ: ಹಾಗಾದರೆ ಹಾರಿಸಲು ಬಿಡುವಿಲ್ಲದ ವಾರಗಳಲ್ಲಿ ನೆಲದ ಮೇಲೇ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸಾಕೇ?

ಉತ್ತರ: ಅದರಿಂದ ಕೆಡುಕೇ ಹೆಚ್ಚು. ಇಂಧನ ಉರಿದಾಗ ಹುಟ್ಟುವ ನೀರಾವಿ ಎಣ್ಣೆಗೆ ಸೇರುತ್ತದೆ. ಎಣ್ಣೆ ಸುಮಾರು 75 ಡಿಗ್ರಿ ಸೆಲ್ಸಿಯಸ್ ದಾಟಿ ಸ್ವಲ್ಪ ಹೊತ್ತು ಬಿಸಿಯಾಗಿಯೇ ಇರದಿದ್ದರೆ ಆ ನೀರು ಆವಿಯಾಗಿ ಹೊರಹೋಗುವುದಿಲ್ಲ, ಮತ್ತು ನಿಂತಲ್ಲೇ ಓಡುವ ಎಂಜಿನ್ ಅಷ್ಟು ಕಾಯುವುದು ಅಪರೂಪ. ಎರಡು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಾರಿಸಿ. ಅದೂ ಆಗದಿದ್ದರೆ ಎಂಜಿನ್ನಿಗೆ ಕೈಹಚ್ಚದಿರುವುದೇ ಲೇಸು. ಆದರೆ ಎಣ್ಣೆ ಬದಲಿಸುವ ಗಡುವಾದ 50 ಗಂಟೆಯ ಹಾರಾಟ ಆಗಲಿಲ್ಲವೆಂದು ಆ ಕೆಲಸವನ್ನು ನಾಲ್ಕು ತಿಂಗಳಿಗಿಂತ ಮುಂದೂಡಬೇಡಿ.